ಉರ್ಬಿಕಸ್ ಎಂಬ ಸೆನೆಟರ್: ಗೋಡೆ ಕಟ್ಟಿಸಿದವನ ಹೆಸರು ಎಲ್ಲಿ ಹೋಯಿತು?

ಕಲ್ಲುಬರಹ

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ಒಬ್ಬ ಮನುಷ್ಯನ ಹಿಂದೆ ಬಿದ್ದಿದ್ದೇನೆ. ಹೆಸರು ಕ್ವಿಂಟಸ್ ಲೊಲ್ಲಿಯಸ್ ಉರ್ಬಿಕಸ್. ಕ್ರಿ.ಶ. ಎರಡನೇ ಶತಮಾನದ ರೋಮನ್ ಸೆನೆಟರ್, ಅಂದರೆ ರೋಮ್‌ನ ಹಿರಿಯರ ಸಭೆಯ ಸದಸ್ಯ. ಸ್ಕಾಟ್ಲೆಂಡಿನ ಅಂಟೊನೈನ್ ಗೋಡೆಯ ಕೆಲಸ ಶುರುವಾದಾಗ ಬ್ರಿಟನ್ನಿನ ಗವರ್ನರ್ ಇವನೇ. ಆಮೇಲೆ ರೋಮ್ ನಗರದ ಪ್ರಿಫೆಕ್ಟ್ ಆದ, ಅಂದರೆ ಇಡೀ ರಾಜಧಾನಿಯನ್ನು ನೋಡಿಕೊಳ್ಳುವ ಮೇಲಧಿಕಾರಿ. ಇಷ್ಟೆಲ್ಲ ಮಾಡಿದವನಿಗೆ ಇತಿಹಾಸದ ಪುಸ್ತಕದಲ್ಲಿ ಒಂದು ಸಾಲು ಸಿಕ್ಕರೆ ಜಾಸ್ತಿ.

ಹುಟ್ಟಿದ್ದು ಈಗಿನ ಅಲ್ಜೀರಿಯಾದ ಟಿಡ್ಡಿಸ್ ಎಂಬ ಬೆಟ್ಟದೂರಿನಲ್ಲಿ. ಕಾನ್‌ಸ್ಟಂಟೀನ್ ಪಟ್ಟಣದಿಂದ ಸುಮಾರು 30 ಕಿ.ಮೀ. ಆಗ ಆ ಪಟ್ಟಣಕ್ಕೆ ಸಿರ್ಟಾ ಅಂತ ಹೆಸರು. ಟಿಡ್ಡಿಸ್‌ನಲ್ಲಿ ಎಲ್ಲಿ ನೋಡಿದರೂ ಕೆಂಪು ಬಂಡೆ. ಮಳೆನೀರನ್ನು ತೊಟ್ಟಿಗಳಲ್ಲಿ ಹಿಡಿದಿಟ್ಟುಕೊಂಡು, ಮಡಕೆ ಮಾಡಿಕೊಂಡು ಬದುಕುತ್ತಿದ್ದ ಊರು. ಅಪ್ಪ ಮಾರ್ಕಸ್ ಲೊಲ್ಲಿಯಸ್ ಸೆನೆಸಿಯೊ. ರೋಮನ್ ಹೆಸರು, ರೋಮನ್ ಪೌರತ್ವ ಎಲ್ಲ ಇತ್ತು. ಆದರೆ ಮೂಲದಲ್ಲಿ ಅಲ್ಲಿಯದೇ ಬೆರ್ಬರ್ ಮನೆತನ ಅಂತ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ.

ಆ ಊರಿನವರು ಉರ್ಬಿಕಸ್‌ನ ಗೌರವಕ್ಕೆ ಹಾಕಿಸಿದ ಒಂದು ಕಲ್ಲುಬರಹ ಉಳಿದಿದೆ. ಅವನ ಬದುಕು ನಮಗೆ ಗೊತ್ತಾಗಿರುವುದು ಮುಖ್ಯವಾಗಿ ಅದರಿಂದಲೇ. ಓದುವ ಕ್ರಮ ಹೇಳುತ್ತೇನೆ. ಇಂಥ ಶಾಸನಗಳಲ್ಲಿ ದೊಡ್ಡ ಪದವಿ ಮೇಲೆ ಇರುತ್ತದೆ, ಮೊದಲ ಕೆಲಸ ಕೆಳಗೆ. ಕಾನ್ಸಲ್ ಅಂತ ಶುರುವಾಗಿ ಹಿಂದಕ್ಕೆ ಹಿಂದಕ್ಕೆ ಹೋಗುತ್ತದೆ. ಜೀವನದ ಕಥೆ ಬೇಕಾದರೆ ಕೆಳಗಿನಿಂದ ಮೇಲಕ್ಕೆ ಓದಬೇಕು.

ಹಾಗೆ ಓದಿದರೆ ಮೊದಲು ಕಾಣುವುದು ರೋಮ್ ನಗರದ ಬೀದಿ ನೋಡಿಕೊಳ್ಳುವ ನಾಲ್ವರಲ್ಲಿ ಒಬ್ಬ ಎಂಬ ಕೆಲಸ. ಸೆನೆಟರ್ ಆಗಬೇಕೆನ್ನುವ ಹುಡುಗರು ಇಂಥ ಸಣ್ಣ ಹುದ್ದೆಯಿಂದಲೇ ಹತ್ತಬೇಕು. ಅಲ್ಲಿಂದ 22ನೇ ಪ್ರಿಮಿಗೇನಿಯಾ ಲೀಜನ್ ಎಂಬ ಸೇನಾಪಡೆಯಲ್ಲಿ ಟ್ರಿಬ್ಯೂನ್, ಅಂದರೆ ಸೇನಾಧಿಕಾರಿ. ಆ ಪಡೆ ಇದ್ದದ್ದು ಜರ್ಮನಿಯ ಮೈನ್ಸ್‌ನಲ್ಲಿ. ತಿರುಗಿ ರೋಮ್‌ಗೆ ಬಂದು ಕ್ವೆಸ್ಟರ್, ಅಂದರೆ ಖಜಾನೆಯ ಕಡೆ ಕೆಲಸ. ಮುಂದೆ ಏಷ್ಯಾ ಪ್ರಾಂತ್ಯದ, ಅಂದರೆ ಈಗಿನ ಟರ್ಕಿಯ ಪಶ್ಚಿಮ ಭಾಗದ, ಗವರ್ನರ್‌ಗೆ ಸಹಾಯಕ. ಆಮೇಲೆ ಜನರ ಟ್ರಿಬ್ಯೂನ್ (ಇದು ಸೈನ್ಯದ್ದಲ್ಲ, ನಗರದ ಹುದ್ದೆ), ಅದಾದ ಮೇಲೆ ಪ್ರೀಟರ್, ಅಂದರೆ ನ್ಯಾಯದ ಕಡೆಯ ಅಧಿಕಾರಿ. ಈ ಎರಡು ಹುದ್ದೆಗಳ ಪಕ್ಕದಲ್ಲಿ 'ಸೀಸರ್‌ನ ಅಭ್ಯರ್ಥಿ' ಅಂತ ಕೆತ್ತಿದೆ. ಚಕ್ರವರ್ತಿಯೇ ಹೆಸರು ಸೂಚಿಸಿದ್ದ ಅಂತ ಅರ್ಥ. ಬೆಟ್ಟದೂರಿನ ಹುಡುಗನ ಮೇಲೆ ಆಗಿನ ಚಕ್ರವರ್ತಿ ಹೇಡ್ರಿಯನ್‌ನ ಕಣ್ಣು ಬಿದ್ದಿತ್ತು.

ಆಮೇಲೆ 10ನೇ ಜೆಮಿನಾ ಲೀಜನ್‌ನ ದಂಡನಾಯಕ. ಅದರ ನೆಲೆ ವಿಂಡೊಬೊನಾ, ಈಗಿನ ವಿಯೆನ್ನಾ. ಆಮೇಲೆ ಜುಡೇಯಾದ, ಅಂದರೆ ಯಹೂದಿಗಳ ನಾಡಿನ, ಯುದ್ಧದಲ್ಲಿ ಹೇಡ್ರಿಯನ್‌ನ ಪ್ರತಿನಿಧಿ. ಅಲ್ಲಿ ಅವನಿಗೆ ಒಂದು ಗೌರವದ ಈಟಿ, ಒಂದು ಚಿನ್ನದ ಕಿರೀಟ ಕೊಟ್ಟರು. ಫೆಶಿಯಾಲಿಸ್ ಎಂಬ ಪುರೋಹಿತರ ಗುಂಪಿಗೂ ಸೇರಿದ. ಯುದ್ಧ ಸಾರುವಾಗ, ಒಪ್ಪಂದ ಮಾಡುವಾಗ ವಿಧಿ ನಡೆಸುವವರು ಅವರು. ಕೊನೆಗೆ ಕೆಳ ಜರ್ಮನಿಯ ಗವರ್ನರ್, ಕಾನ್ಸಲ್. ಕಾನ್ಸಲ್ ಆದದ್ದು 135 ಅಥವಾ 136ರ ಸುಮಾರಿಗೆ.

ಕಲ್ಲಿನ ಕೊನೆಯಲ್ಲಿ ನಾಲ್ಕು ಅಕ್ಷರ ಇವೆ: ಡಿ ಡಿ ಪಿ ಪಿ. 'ಊರ ಸಭೆಯ ತೀರ್ಮಾನದಂತೆ, ಊರಿನ ದುಡ್ಡಿನಲ್ಲಿ' ಅಂತ. ನನಗೆ ಈ ನಾಲ್ಕು ಅಕ್ಷರ ಬಹಳ ಇಷ್ಟ.

ಈಗ ಗಮನಿಸಿ. ಆ ಕಲ್ಲಿನಲ್ಲಿ ಬ್ರಿಟನ್ ಇಲ್ಲ. ಗೋಡೆಯೂ ಇಲ್ಲ.

ಪ್ರಶ್ನೆಗಾರ

ಬ್ರಿಟನ್ ಇಲ್ಲ ಅಂದಮೇಲೆ ಗೋಡೆ ಕಟ್ಟಿಸಿದ್ದು ಇವನೇ ಅಂತ ಹೇಗೆ ಹೇಳುತ್ತೀರಿ ಸರ್? ಅದೇ ಹೆಸರಿನ ಇನ್ನೊಬ್ಬ ಇರಬಾರದೇಕೆ?

ಕಲ್ಲುಬರಹ

ಕೇಳಬೇಕಾದ ಪ್ರಶ್ನೆಯೇ. ಊರಿನವರು ಆ ಕಲ್ಲು ಹಾಕಿಸಿದ್ದು ಅವನು ಬ್ರಿಟನ್‌ಗೆ ಹೋಗುವ ಮೊದಲು. ಅದಕ್ಕೇ ಅದರಲ್ಲಿ ಬ್ರಿಟನ್ ಇಲ್ಲ.

ಗೋಡೆಯ ವಿಷಯ ಬರುವುದು 'ಹಿಸ್ಟೋರಿಯಾ ಆಗಸ್ಟಾ' ಎಂಬ ಲ್ಯಾಟಿನ್ ಗ್ರಂಥದಲ್ಲಿ. ಒಂದೇ ವಾಕ್ಯ. ಚಕ್ರವರ್ತಿ ಅಂಟೊನೈನಸ್ ಪಯಸ್ ತನ್ನ ಅಧಿಕಾರಿ ಲೊಲ್ಲಿಯಸ್ ಉರ್ಬಿಕಸ್ ಮೂಲಕ ಬ್ರಿಟನ್ನರನ್ನು ಗೆದ್ದ, ಅವರನ್ನು ಹಿಂದಕ್ಕೆ ಅಟ್ಟಿ ಹುಲ್ಲುಹೆಂಟೆಯ ಇನ್ನೊಂದು ಗೋಡೆ ಕಟ್ಟಿಸಿದ. ಅಷ್ಟೇ. ಈ ಗ್ರಂಥ ಬರೆದದ್ದು ಸುಮಾರು 250 ವರ್ಷ ಆದಮೇಲೆ. ಅದರಲ್ಲಿ ಕಟ್ಟುಕಥೆ ಜಾಸ್ತಿ. ಅದೊಂದನ್ನೇ ನಂಬಿ ಕೂರುವ ಹಾಗಿಲ್ಲ.

ಆದರೆ ಕಲ್ಲುಗಳು ಸಿಕ್ಕವು. ಇಂಗ್ಲೆಂಡಿನ ಉತ್ತರದ ಕಾರ್‌ಬ್ರಿಜ್‌ನಲ್ಲಿ 2ನೇ ಆಗಸ್ಟಾ ಲೀಜನ್ ಕಟ್ಟಿದ ಕಟ್ಟಡಗಳ ಕಲ್ಲು ಎರಡು. ಎರಡರಲ್ಲೂ 'ಕ್ವಿಂಟಸ್ ಲೊಲ್ಲಿಯಸ್ ಉರ್ಬಿಕಸ್ ಉಸ್ತುವಾರಿಯಲ್ಲಿ' ಅಂತಿದೆ. ಒಂದು 139ರದು, ಇನ್ನೊಂದು 140ರದು. ಇಸವಿ ಹೇಗೆ ಗೊತ್ತು ಅಂದರೆ, ಚಕ್ರವರ್ತಿ ಎಷ್ಟನೇ ಸಲ ಕಾನ್ಸಲ್ ಆಗಿದ್ದಾನೆ ಅಂತ ಬರೆದಿರುತ್ತಾರೆ. ಅಂಟೊನೈನಸ್ ಎರಡನೇ ಸಲ ಆದದ್ದು 139ರಲ್ಲಿ, ಮೂರನೇ ಸಲ 140ರಲ್ಲಿ. ಕಾರ್‌ಬ್ರಿಜ್ ಉತ್ತರಕ್ಕೆ ಹೋಗುವ ದೊಡ್ಡ ರಸ್ತೆಯ ಮೇಲಿದೆ. ಯುದ್ಧಕ್ಕೆ ಮುಂಚಿನ ತಯಾರಿ ಅಂತ ಓದಿಕೊಳ್ಳಬಹುದು. ಇನ್ನೂ ಉತ್ತರಕ್ಕೆ ಹೈ ರಾಚೆಸ್ಟರ್‌ನಲ್ಲಿ ಮತ್ತೊಂದು ಕಲ್ಲಿದೆ. ಕೊನೆಗೆ ಅಂಟೊನೈನ್ ಗೋಡೆಯ ಮೇಲೇ ಇರುವ ಬಾಲ್‌ಮಿಲ್ಡಿ ಕೋಟೆಯಲ್ಲಿ, ಒಡೆದ ತುಂಡುಗಳಲ್ಲಿ, ಅವನ ಹೆಸರು.

ನಕ್ಷೆಯ ಮೇಲೆ ಈ ಕಲ್ಲುಗಳನ್ನು ಒಂದೊಂದಾಗಿ ಗುರುತು ಹಾಕಿ ನೋಡಿ. ಸೈನ್ಯ ದಕ್ಷಿಣದಿಂದ ಉತ್ತರಕ್ಕೆ ನಡೆದ ದಾರಿಯೇ ಕಾಣುತ್ತದೆ.

ಎಡಿನ್‌ಬರೋ ಕನ್ನಡಿಗ

ಅಣ್ಣಾ, ಇದನ್ನು ಓದಿ ಸುಮ್ನೆ ಇರೋಕಾಗಲಿಲ್ಲ. ನಾನು ಇರುವುದು ಎಡಿನ್‌ಬರೋದಲ್ಲಿ. ಎರಡು ವಾರದ ಹಿಂದೆ ರಫ್ ಕ್ಯಾಸಲ್‌ಗೆ ಹೋಗಿದ್ದೆ. ಫಾಲ್ಕರ್ಕ್ ಹತ್ತಿರ.

ಗೋಡೆ ಅಂದಾಕ್ಷಣ ಕಲ್ಲಿನ ಕೋಟೆ ಅಂದುಕೊಳ್ಳಬೇಡಿ. ಕೆಳಗೆ ಕಲ್ಲು ಹಾಸಿ, ಅದರ ಮೇಲೆ ಹುಲ್ಲಿನ ಸಮೇತ ಕತ್ತರಿಸಿದ ಮಣ್ಣಿನ ಹೆಂಟೆ ಪೇರಿಸಿ ಕಟ್ಟಿದ್ದು. ನಮ್ಮ ಕಡೆ ಗದ್ದೆ ಬದು ಕಟ್ಟುವಾಗ ಹೆಂಟೆ ಇಡುತ್ತಾರಲ್ಲ, ಅದೇ ಥರ, ಆದರೆ ಸುಮಾರು 60 ಕಿ.ಮೀ. ಉದ್ದ. ಸ್ಕಾಟ್ಲೆಂಡಿನ ಸೊಂಟದ ಹಾಗಿರುವ ಜಾಗದಲ್ಲಿ, ಈ ಕಡಲಿಂದ ಆ ಕಡಲಿಗೆ. ಈಗ ಉಳಿದಿರುವುದು ಹಸಿರು ದಿಬ್ಬ, ಅದರ ಮುಂದೆ ಆಳವಾದ ಕಂದಕ. ಕಂದಕದ ಆಚೆ ಸಾಲು ಸಾಲು ಗುಂಡಿಗಳಿವೆ. ಒಳಗೆ ಚೂಪು ಗೂಟ ನೆಟ್ಟು ಮೇಲೆ ಮುಚ್ಚಿಡುತ್ತಿದ್ದರಂತೆ. ರೋಮನ್ ಸೈನಿಕರು ಅದಕ್ಕೆ ಲಿಲಿ ಹೂವಿನ ಹೆಸರಿಟ್ಟಿದ್ದರು. ಮಳೆ ಬಂದು ನಿಂತಿತ್ತು. ಗುಂಡಿಗಳಲ್ಲಿ ನೀರು ನಿಂತಿತ್ತು. ನನ್ನ ಮಗಳು ಒಂದೊಂದನ್ನೂ ಎಣಿಸುತ್ತಾ ಹೋದಳು.

ಇಲ್ಲಿನ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಬ್ರಿಜ್‌ನೆಸ್ ಕಲ್ಲು ಇದೆ. 1868ರಲ್ಲಿ ಸಿಕ್ಕಿದ್ದು. ಗೋಡೆ ಕಟ್ಟಿದ ಲೀಜನ್‌ಗಳು ತಾವು ಎಷ್ಟು ದೂರ ಕಟ್ಟಿದೆವು ಅಂತ ನೆಡುತ್ತಿದ್ದ ಅಳತೆಗಲ್ಲು. 2ನೇ ಆಗಸ್ಟಾ ಲೀಜನ್ 4,652 ಹೆಜ್ಜೆ ಅಂತ ಅದರಲ್ಲಿದೆ. ಎಡಗಡೆ ಕುದುರೆ ಸವಾರನೊಬ್ಬ ನಾಲ್ವರು ಸ್ಥಳೀಯ ಯೋಧರ ಮೇಲೆ ಹಾಯುತ್ತಿದ್ದಾನೆ. ಒಬ್ಬನ ತಲೆ ಹೋಗಿದೆ. ಬಲಗಡೆ ಹಂದಿ, ಕುರಿ, ಗೂಳಿ ಬಲಿ ಕೊಡಲು ತಂದಿದ್ದಾರೆ. ಮೊದಲು ಇದಕ್ಕೆಲ್ಲ ಬಣ್ಣ ಹಚ್ಚಿದ್ದರು. ಕೆಂಪು ಬಣ್ಣದ ಕುರುಹು ಪರೀಕ್ಷೆಯಲ್ಲಿ ಸಿಕ್ಕಿದೆ.

ನಾನು ಹುಡುಕಿದ್ದು ಒಂದೇ. ಉರ್ಬಿಕಸ್ ಹೆಸರು. ಚಕ್ರವರ್ತಿಯ ಹೆಸರಿದೆ, ಲೀಜನ್ ಹೆಸರಿದೆ, ಅಳತೆ ಇದೆ. ಅವನ ಹೆಸರಿಲ್ಲ. ಬೇರೆ ಅಳತೆಗಲ್ಲುಗಳಲ್ಲೂ ಇಲ್ಲ.

ಹೊಂಗೆ ನೆರಳು

ನಾನು ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ನಿಮ್ಮ ಮಾತಿಗೆ ಒಂದು ಸೇರಿಸುತ್ತೇನೆ.

ಅಂಟೊನೈನಸ್ ಪಯಸ್ ಚಕ್ರವರ್ತಿಯಾದ ಮೇಲೆ ಇಟಲಿ ಬಿಟ್ಟು ಹೊರಗೆ ಹೋಗಲೇ ಇಲ್ಲ. ಸೈನ್ಯದ ಅನುಭವವೂ ಇರಲಿಲ್ಲ. ಹೊಸ ದೊರೆಗೆ ಒಂದು ಗೆಲುವು ಬೇಕಿತ್ತು. ಅದಕ್ಕೇ ಹೇಡ್ರಿಯನ್ ಕಟ್ಟಿಸಿದ್ದ ಕಲ್ಲಿನ ಗೋಡೆ ಬಿಟ್ಟು ಇನ್ನೂ ಉತ್ತರಕ್ಕೆ ಹೋದರು ಅಂತ ಅನೇಕರ ಅಭಿಪ್ರಾಯ. 142ರಲ್ಲಿ ಅವನಿಗೆ ವಿಜಯದ ಘೋಷಣೆ ಆಯಿತು. ಬ್ರಿಟಾನಿಯಾ ಚಿತ್ರದ ನಾಣ್ಯ ಬಂತು.

ಆಗ ರೋಮ್‌ನಲ್ಲಿ ದೊಡ್ಡ ಭಾಷಣಕಾರ ಅಂದರೆ ಫ್ರೊಂಟೊ. ಮುಂದೆ ಚಕ್ರವರ್ತಿಯಾದ ಮಾರ್ಕಸ್ ಆರೇಲಿಯಸ್‌ಗೆ ಪಾಠ ಹೇಳಿದ ಮೇಷ್ಟ್ರು. ಬ್ರಿಟನ್ ಯುದ್ಧದ ಬಗ್ಗೆ ಅವನು ಹೇಳಿದ್ದರ ಒಂದು ಚೂರು ಉಳಿದಿದೆ. ಅರ್ಥ ಹೀಗೆ: ಚಕ್ರವರ್ತಿ ಯುದ್ಧವನ್ನು ಬೇರೆಯವರಿಗೆ ಒಪ್ಪಿಸಿ ತಾನು ಅರಮನೆಯಲ್ಲೇ ಕೂತಿದ್ದರೂ, ಹಡಗಿನ ಚುಕ್ಕಾಣಿ ಹಿಡಿದವನ ಹಾಗೆ, ಇಡೀ ಪಯಣದ ಕೀರ್ತಿ ಅವನದೇ.

ಈ ಫ್ರೊಂಟೊ ಎಲ್ಲಿಯವನು ಗೊತ್ತಾ? ಸಿರ್ಟಾದವನು. ಟಿಡ್ಡಿಸ್‌ನ ಪಕ್ಕದ ಪಟ್ಟಣ! ನೆರೆಯೂರಿನವನೇ 'ಬೇರೆಯವರು' ಅಂತ ಹೇಳಿ ಮುಗಿಸಿಬಿಟ್ಟ. ಓದಿದಾಗ ನನಗೆ ನಿಜಕ್ಕೂ ನೋವಾಯಿತು.

ಕಲ್ಲುಬರಹ

ಮೇಡಂ, ಇದು ನನಗೆ ಹೊಳೆದೇ ಇರಲಿಲ್ಲ. ತುಂಬ ಥ್ಯಾಂಕ್ಸ್. ಗೋಡೆಯ ಮೇಲಿನ ಅಳತೆಗಲ್ಲಿನಲ್ಲಿ ಅವನಿಲ್ಲ, ಅವನ ಊರಿನ ಕಲ್ಲಿನಲ್ಲಿ ಗೋಡೆ ಇಲ್ಲ, ರಾಜಧಾನಿಯ ಭಾಷಣದಲ್ಲಿ ಅವನು 'ಬೇರೆಯವರು'. ನಂಬಲಾಗದ ಒಂದು ಪುಸ್ತಕದ ಒಂದು ವಾಕ್ಯ ಇವನ್ನೆಲ್ಲ ಹೊಲಿಗೆ ಹಾಕಿದೆ. ನಾನು ಈ ಚರ್ಚೆ ಶುರು ಮಾಡಿದ್ದೇ ಇದಕ್ಕೆ.

ಪ್ರಶ್ನೆಗಾರ

ಹೆಸರು ಸಿಗಲಿಲ್ಲ ಅಂತ ಬೇಸರ ಪಡುತ್ತಿದ್ದೀರಿ. ನನಗೆ ಇನ್ನೊಂದು ಕಡೆಯೂ ಕಾಣುತ್ತದೆ. ಆ ಈಟಿ, ಆ ಚಿನ್ನದ ಕಿರೀಟ ಯಾವ ಯುದ್ಧಕ್ಕೆ ಸಿಕ್ಕಿದ್ದು? 132ರಿಂದ 135ರವರೆಗೆ ಬಾರ್ ಕೊಖ್ಬಾ ನಾಯಕತ್ವದಲ್ಲಿ ಯಹೂದಿಗಳು ದಂಗೆ ಎದ್ದಿದ್ದರು. ಅದನ್ನು ಹತ್ತಿಕ್ಕಿದ್ದಕ್ಕೆ. ಕ್ಯಾಸಿಯಸ್ ಡಿಯೊ ಎಂಬ ಇತಿಹಾಸಕಾರ ಕೊಟ್ಟ ಲೆಕ್ಕ ಓದಿ. 50 ಕೋಟೆ, 985 ಹಳ್ಳಿ ನೆಲಸಮ. 5,80,000 ಜನ ಹೋರಾಟದಲ್ಲೇ ಸತ್ತರು. ಹಸಿವು, ರೋಗದಲ್ಲಿ ಸತ್ತವರು ಬೇರೆ. ಸಂಖ್ಯೆ ಹೆಚ್ಚೇ ಇರಬಹುದು. ಆದರೂ ನಾಡು ಬರಿದಾದದ್ದು ನಿಜ. ಪ್ರಾಂತ್ಯದ ಹೆಸರನ್ನೇ ಸಿರಿಯಾ ಪ್ಯಾಲಸ್ಟೀನಾ ಅಂತ ಬದಲಿಸಿದರು.

ಬ್ರಿಜ್‌ನೆಸ್ ಕಲ್ಲಿನಲ್ಲಿ ತಲೆ ಕಳೆದುಕೊಂಡವನ ಹೆಸರೂ ಯಾರಿಗೂ ಗೊತ್ತಿಲ್ಲ, ಅಲ್ವಾ?

ಕಲ್ಲುಬರಹ

ನೀವು ಹೇಳಿದ್ದು ಸರಿ. ಒಪ್ಪುತ್ತೇನೆ. ಆ ಯುದ್ಧ ರೋಮನ್ನರಿಗೂ ಎಷ್ಟು ನಷ್ಟ ತಂದಿತ್ತೆಂದರೆ, ಸೆನೆಟ್‌ಗೆ ಪತ್ರ ಬರೆಯುವಾಗ 'ನಾನೂ ಸೈನ್ಯವೂ ಕ್ಷೇಮ' ಎಂಬ ಮಾಮೂಲಿ ಸಾಲನ್ನು ಹೇಡ್ರಿಯನ್ ಬಿಟ್ಟುಬಿಟ್ಟ. ಇದನ್ನೂ ಡಿಯೊನೇ ಹೇಳುತ್ತಾನೆ.

ನಾನು ಉರ್ಬಿಕಸ್‌ನನ್ನು ಹೊಗಳಲು ಬಂದಿಲ್ಲ. ನಮ್ಮೂರ ಗುಡಿ ಹಿಂದೆ ಒಂದು ವೀರಗಲ್ಲಿದೆ. ದನ ಬಿಡಿಸಲು ಹೋಗಿ ಸತ್ತವನದು. ಚಿಕ್ಕಂದಿನಲ್ಲಿ ಅಜ್ಜ ಅದರ ಅಕ್ಷರದ ಮೇಲೆ ನನ್ನ ಬೆರಳು ಹಿಡಿದು ಓಡಿಸುತ್ತಿದ್ದರು. ಅಲ್ಲಿಂದ ಬಂದ ಅಭ್ಯಾಸ ಇದು. ಕಲ್ಲಿನಲ್ಲಿ ಹೆಸರು ಕಂಡರೆ ಆ ಮನುಷ್ಯ ಏನು ಮಾಡಿದ ಅಂತ ಪೂರ್ತಿ ತಿಳಿಯಬೇಕು ಅನಿಸುತ್ತದೆ. ಕೆಟ್ಟದ್ದನ್ನೂ ಸೇರಿಸಿಯೇ.

ಹುಬ್ಬಳ್ಳಿ ವಕೀಲ

ನಾನು ಸಿವಿಲ್ ಕೇಸು ನಡೆಸುವವನು. ಉರ್ಬಿಕಸ್ ಹೆಸರು ನನಗೆ ಸಿಕ್ಕಿದ್ದು ಒಂದು ಕೋರ್ಟ್ ಭಾಷಣದಲ್ಲಿ!

ಆಪುಲಿಯಸ್ ಎಂಬ ಲೇಖಕ ಇದ್ದ. ಅವನೂ ಉತ್ತರ ಆಫ್ರಿಕಾದವನೇ, ಮಡೌರಸ್ ಊರಿನವನು. ಶ್ರೀಮಂತ ವಿಧವೆಯೊಬ್ಬಳನ್ನು ಮದುವೆಯಾದ. ಅವಳ ಮೊದಲ ಗಂಡನ ತಮ್ಮನೋ ಅಣ್ಣನೋ ಎಮಿಲಿಯಾನಸ್ ಅಂತ. ಆಪುಲಿಯಸ್ ಮಾಟ ಮಾಡಿ ಅವಳನ್ನು ಒಲಿಸಿಕೊಂಡ ಅಂತ ಅವನು ಕೇಸು ಹಾಕಿಸಿದ. 158 ಅಥವಾ 159ರಲ್ಲಿ, ಈಗಿನ ಲಿಬಿಯಾದ ಸಬ್ರಾತಾದಲ್ಲಿ ವಿಚಾರಣೆ. ಆಪುಲಿಯಸ್ ತನ್ನ ವಾದ ತಾನೇ ಮಾಡಿದ. ಅದು ಪೂರ್ತಿ ಉಳಿದಿದೆ.

ಮೊದಲ ಏಟಿಗೇ ಎದುರಾಳಿಯ ನಂಬಿಕೆ ಕೆಡಿಸುತ್ತಾನೆ. ಈ ಎಮಿಲಿಯಾನಸ್ ಹಿಂದೆ ತನ್ನ ಸೋದರಮಾವನ ಮೃತ್ಯುಪತ್ರ ಖೊಟ್ಟಿ ಅಂತ ತಕರಾರು ತೆಗೆದಿದ್ದ. ಕೇಸು ನಗರದ ಪ್ರಿಫೆಕ್ಟ್ ಉರ್ಬಿಕಸ್ ಮುಂದೆ ಹೋಯಿತು. ಕಾನ್ಸಲ್ ಪದವಿಯ ಹಿರಿಯರನ್ನು ಕೂರಿಸಿಕೊಂಡು, ಅವರ ಸಲಹೆ ಕೇಳಿ, ಮೃತ್ಯುಪತ್ರ ಅಸಲಿ ಅಂತ ಉರ್ಬಿಕಸ್ ತೀರ್ಪು ಕೊಟ್ಟ. ತೀರ್ಪು ಬಂದ ಮೇಲೂ ಎಮಿಲಿಯಾನಸ್ ಅಲ್ಲೇ ನಿಂತು, ಆಣೆ ಮಾಡಿ, ಖೊಟ್ಟಿ ಖೊಟ್ಟಿ ಅಂತ ಕೂಗಿದ. ಅವನನ್ನು ಅಲ್ಲೇ ಮುಗಿಸಿಬಿಡದೆ ಉರ್ಬಿಕಸ್ ಕಷ್ಟಪಟ್ಟು ತಡೆದುಕೊಂಡ ಅಂತ ಆಪುಲಿಯಸ್ ಹೇಳುತ್ತಾನೆ.

ಈ ದೃಶ್ಯ ನನಗೆ ಕಣ್ಣಿಗೆ ಕಟ್ಟಿದೆ. ತೀರ್ಪು ಆದಮೇಲೆ ಹಾಲ್‌ನಲ್ಲಿ ಕೂಗಾಡುವ ಕಕ್ಷಿದಾರರನ್ನು ನಾನೂ ನೋಡಿದ್ದೇನೆ. ಪ್ರಿಫೆಕ್ಟ್‌ನ ಕೈಯಲ್ಲಿ ನಗರದ ಪಡೆಯೇ ಇತ್ತು. ಆದರೂ ಬಿಟ್ಟ. ಎದುರಿಗಿರುವ ಜಡ್ಜ್‌ಗೆ ಉರ್ಬಿಕಸ್ ಹೆಸರು ಹೇಳಿದರೆ ಸಾಕು, ತೂಕ ಬರುತ್ತದೆ ಅಂತ ಆಪುಲಿಯಸ್‌ಗೆ ಗೊತ್ತಿತ್ತು. ಆ ಕಾಲದಲ್ಲಿ ಇವನ ಹೆಸರು ಅಷ್ಟು ದೊಡ್ಡದು.

ಹೊಂಗೆ ನೆರಳು

ವಕೀಲರೇ, ಅದೇ ಪ್ರಿಫೆಕ್ಟ್‌ನ ಇನ್ನೊಂದು ವಿಚಾರಣೆಯೂ ಇದೆ. ಅದನ್ನು ಬರೆದದ್ದು ಜಸ್ಟಿನ್ ಎಂಬ ಕ್ರೈಸ್ತ ವಿದ್ವಾಂಸ.

ರೋಮ್‌ನಲ್ಲಿ ಒಬ್ಬ ಹೆಂಗಸು ಕ್ರೈಸ್ತಳಾದಳು. ಗಂಡನ ನಡತೆ ಸರಿಯಿರಲಿಲ್ಲ. ಬಹಳ ದಿನ ತಡೆದುಕೊಂಡು ಕೊನೆಗೆ ವಿಚ್ಛೇದನ ಕೊಟ್ಟಳು. ಗಂಡ ಅವಳ ಮೇಲೆ ದೂರು ಕೊಟ್ಟ. ಅವಳು ಚಕ್ರವರ್ತಿಗೆ ಅರ್ಜಿ ಹಾಕಿ ಸಮಯ ಪಡೆದಳು. ಅವಳು ಕೈಗೆ ಸಿಗದಿದ್ದಾಗ ಅವನು ಅವಳಿಗೆ ಧರ್ಮ ಬೋಧಿಸಿದ ಟಾಲೆಮಿಯಸ್ ಮೇಲೆ ತಿರುಗಿದ. ಉರ್ಬಿಕಸ್ ಮುಂದೆ ನಿಲ್ಲಿಸಿದರು. ಕೇಳಿದ್ದು ಒಂದೇ ಪ್ರಶ್ನೆ: ನೀನು ಕ್ರೈಸ್ತನಾ? ಹೌದು ಅಂದ. ಶಿಕ್ಷೆಗೆ ಕರೆದುಕೊಂಡು ಹೋಗಿ ಅಂತ ಆಜ್ಞೆಯಾಯಿತು.

ಅಲ್ಲೇ ನಿಂತಿದ್ದ ಲೂಸಿಯಸ್ ಎಂಬವನು ಎದ್ದು ಕೇಳಿದ. ಇವನು ಕಳ್ಳನಲ್ಲ, ಕೊಲೆಗಾರನಲ್ಲ, ಬರೀ ಒಂದು ಹೆಸರು ಒಪ್ಪಿಕೊಂಡಿದ್ದಕ್ಕೆ ಶಿಕ್ಷೆಯಾ? ಈ ತೀರ್ಪು ಚಕ್ರವರ್ತಿಗೂ ಸೆನೆಟ್‌ಗೂ ಶೋಭೆಯಲ್ಲ. ಉರ್ಬಿಕಸ್ ವಾದಕ್ಕೇ ಇಳಿಯಲಿಲ್ಲ. ನೀನೂ ಅವರಲ್ಲೊಬ್ಬನ ಹಾಗೆ ಕಾಣುತ್ತೀಯ ಅಂದ. ಲೂಸಿಯಸ್ ಹೌದು ಅಂದ. ಅವನನ್ನೂ ಎಳೆದುಕೊಂಡು ಹೋದರು. ಆಮೇಲೆ ಮೂರನೆಯವನೊಬ್ಬ ಮುಂದೆ ಬಂದ. ಅವನಿಗೂ ಅದೇ ಗತಿ.

ಜಸ್ಟಿನ್ ಹುಟ್ಟಿದ್ದು ಫ್ಲೇವಿಯಾ ನಿಯಾಪೊಲಿಸ್‌ನಲ್ಲಿ, ಈಗಿನ ನಾಬ್ಲುಸ್. ಉರ್ಬಿಕಸ್ ಕಿರೀಟ ಗೆದ್ದ ಅದೇ ನಾಡು. ಅಲ್ಲಿಂದ ಬಂದವನೇ ಇವನ ಕೋರ್ಟಿನಲ್ಲಿ ನಡೆದದ್ದನ್ನು ಬರೆದಿಟ್ಟ.

ಹುಬ್ಬಳ್ಳಿ ವಕೀಲ

ಕಾನೂನಿನ ಲೆಕ್ಕದಲ್ಲಿ ಅವನು ದಾರಿ ತಪ್ಪಲಿಲ್ಲ. ಟ್ರೇಜನ್ ಚಕ್ರವರ್ತಿ ಸುಮಾರು 112ರಲ್ಲೇ ಪ್ಲಿನಿ ಎಂಬ ಗವರ್ನರ್‌ಗೆ ಪತ್ರ ಬರೆದಿದ್ದ: ಕ್ರೈಸ್ತರನ್ನು ಹುಡುಕಿಕೊಂಡು ಹೋಗಬೇಡ, ಆದರೆ ದೂರು ಬಂದು ಸಾಬೀತಾದರೆ ಶಿಕ್ಷೆ ಕೊಡು. ಆದರೆ ಮೃತ್ಯುಪತ್ರದ ಕೇಸಿನಲ್ಲಿ ಹಿರಿಯರನ್ನು ಕೂರಿಸಿ ಸಲಹೆ ಕೇಳಿದವನು ಇಲ್ಲಿ ಒಂದು ಪ್ರಶ್ನೆಗೆ ಮುಗಿಸಿದ. ಆಸ್ತಿಗೆ ಕೊಟ್ಟ ಸಮಯ ಜೀವಕ್ಕೆ ಕೊಡಲಿಲ್ಲ. ಇದು ನನಗೆ ಜೀರ್ಣವಾಗುವುದಿಲ್ಲ.

ಎಡಿನ್‌ಬರೋ ಕನ್ನಡಿಗ

ಅವನು ರೋಮ್‌ನಲ್ಲಿ ಪ್ರಿಫೆಕ್ಟ್ ಆಗಿದ್ದದ್ದು ಎಷ್ಟು ವರ್ಷ? ಇಲ್ಲಿ ಗೋಡೆಯನ್ನು 160ರ ದಶಕದಲ್ಲಿ ಬಿಟ್ಟುಬಿಟ್ಟರು. ಕಟ್ಟಿದ 20 ವರ್ಷಕ್ಕೆಲ್ಲ ಸೈನ್ಯ ಹೇಡ್ರಿಯನ್ ಗೋಡೆಗೆ ವಾಪಸ್ಸಾಯಿತು.

ಕಲ್ಲುಬರಹ

ಸುಮಾರು 146ರಿಂದ 160ರವರೆಗೆ ಅಂತ ವಿದ್ವಾಂಸರ ಲೆಕ್ಕ. ಹೆಚ್ಚು ಕಡಿಮೆ 14 ವರ್ಷ. ಬೀದಿ ನೋಡಿಕೊಳ್ಳುವ ಕೆಲಸದಿಂದ ಶುರು ಮಾಡಿದ ಅದೇ ನಗರದಲ್ಲಿ.

ಹೊಂಗೆ ನೆರಳು

ಒಂದು ಸಣ್ಣ ಮಾತು. ಇವನು ಅಲ್ಲಿ ಪ್ರಿಫೆಕ್ಟ್ ಆಗಿದ್ದ ಕಾಲದಲ್ಲೇ, 150ರ ಸುಮಾರಿಗೆ, ಅಲೆಕ್ಸಾಂಡ್ರಿಯಾದಲ್ಲಿ ಕೂತು ಟಾಲೆಮಿ ಎಂಬ ವಿದ್ವಾಂಸ (ಮೇಲೆ ಹೇಳಿದ ಟಾಲೆಮಿಯಸ್ ಅಲ್ಲ) ಭೂಗೋಳದ ಗ್ರಂಥ ಬರೆದ. ಅದರಲ್ಲಿ ಬ್ರಿಟನ್ ಕೂಡ ಇದೆ, ನಮ್ಮ ಬನವಾಸಿಯೂ ಇದೆ. ಮಕ್ಕಳಿಗೆ ಪಾಠ ಮಾಡುವಾಗ ಇದನ್ನು ಹೇಳಿದರೆ ಕಿವಿ ನಿಮಿರುತ್ತದೆ.

ಪ್ರಶ್ನೆಗಾರ

ಊರಿಗೆ ವಾಪಸ್ ಏನಾದರೂ ಮಾಡಿದನಾ? ಊರಿನವರು ತಮ್ಮ ದುಡ್ಡಲ್ಲಿ ಕಲ್ಲು ಹಾಕಿಸಿದ್ದರಲ್ಲ.

ಕಲ್ಲುಬರಹ

ಟಿಡ್ಡಿಸ್‌ನಿಂದ ಸ್ವಲ್ಪ ದೂರದಲ್ಲಿ, ಬಯಲಿನಲ್ಲಿ ದುಂಡಗಿನ ಒಂದು ಸಮಾಧಿ ನಿಂತಿದೆ. ಕಡಿದ ಕಲ್ಲಿನ ಕಟ್ಟಡ, ದೊಡ್ಡ ಡ್ರಮ್ ಇಟ್ಟ ಹಾಗೆ. ಅದನ್ನು ಕಟ್ಟಿಸಿದವನು ಉರ್ಬಿಕಸ್. ಮೇಲೆ ಬರಹ ಇದೆ. ಅಪ್ಪ ಮಾರ್ಕಸ್ ಲೊಲ್ಲಿಯಸ್ ಸೆನೆಸಿಯೊಗೆ. ಅಮ್ಮ ಗ್ರಾನಿಯಾ ಹೊನೊರಾಟಾಗೆ. ಒಡಹುಟ್ಟಿದ ಲೂಸಿಯಸ್ ಲೊಲ್ಲಿಯಸ್ ಸೆನಿಸ್‌ಗೆ, ಮಾರ್ಕಸ್ ಲೊಲ್ಲಿಯಸ್ ಹೊನೊರಾಟಸ್‌ಗೆ. ಆಮೇಲೆ ಪಬ್ಲಿಯಸ್ ಗ್ರಾನಿಯಸ್ ಪಾಲಸ್‌ಗೆ.

ಈ ಕೊನೆಯವನ ಮುಂದೆ ಇರುವ ಪದ ಆವುಂಕುಲಸ್. ವಕೀಲರು ಹೇಳಿದ ಕೇಸಿನಲ್ಲೂ ಇದೇ ಪದ ಬರುತ್ತದೆ. ಲ್ಯಾಟಿನ್‌ನಲ್ಲಿ ಅಪ್ಪನ ಕಡೆಯವರಿಗೆ ಬೇರೆ ಪದ, ಅಮ್ಮನ ಕಡೆಯವರಿಗೆ ಬೇರೆ. ಇದು ಅಮ್ಮನ ಒಡಹುಟ್ಟಿದವನು. ಹೆಸರೂ ಹೊಂದುತ್ತದೆ ನೋಡಿ: ಅಮ್ಮ ಗ್ರಾನಿಯಾ, ಅವನು ಗ್ರಾನಿಯಸ್. ನಮಗೆ ಅರ್ಥ ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಸೋದರಮಾವ.

ಕೊನೆಯಲ್ಲಿ ತನ್ನ ಹೆಸರು. ಕಾನ್ಸಲ್, ಜರ್ಮನಿ, ಜುಡೇಯಾ, ಬ್ರಿಟನ್ ಯಾವುದೂ ಇಲ್ಲ. 'ಕ್ವಿಂಟಸ್ ಲೊಲ್ಲಿಯಸ್ ಉರ್ಬಿಕಸ್, ನಗರದ ಪ್ರಿಫೆಕ್ಟ್.' ಇಷ್ಟೇ.

ಪ್ರಶ್ನೆಗಾರ

ಸೋದರಮಾವನನ್ನೂ ಬಿಟ್ಟಿಲ್ಲ. ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಜುಡೇಯಾದ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ. ಆದರೆ ಇದನ್ನೂ ಸೇರಿಸಿ ಇಟ್ಟುಕೊಳ್ಳುತ್ತೇನೆ.

ಎಡಿನ್‌ಬರೋ ಕನ್ನಡಿಗ

ಬರುವ ಶನಿವಾರ ಕಾರ್‌ಬ್ರಿಜ್‌ಗೆ ಹೊರಟಿದ್ದೇವೆ. ಮಗಳಿಗೆ 'ಉರ್ಬಿಕಸ್' ಅಂತ ರೋಮನ್ ಅಕ್ಷರದಲ್ಲಿ ಬರೆದು ಕೊಟ್ಟಿದ್ದೇನೆ, ಕಲ್ಲಿನಲ್ಲಿ ಹುಡುಕಲಿ ಅಂತ. ಯು ಬದಲು ವಿ ಇರುತ್ತದೆ ಅಂತಲೂ ಹೇಳಿದ್ದೇನೆ. ಸಿಕ್ಕರೆ ಫೋಟೋ ಹಾಕುತ್ತೇನೆ.